ಟ್ರಾಫಿಕ್ ಚಲನ್ ಕೋರ್ಟ್‌ಗೆ ಹೋಗಿದೆಯೇ? ಕೇಸ್ ದಾಖಲೆ ಹುಡುಕುವುದು, ದೃಢೀಕೃತ ಪ್ರತಿ ಪಡೆಯುವುದು ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ಬೈಕ್ ಖರೀದಿಸಿದ್ದು ಉಡುಪಿಯಲ್ಲಿ, ಕೆಲಸ ಮುಂಬೈನಲ್ಲಿ. ಆರ್‌ಸಿಯಲ್ಲಿರುವುದು ಯಾವತ್ತೋ ಬಿಟ್ಟುಬಿಟ್ಟ ಹಳೆಯ ಮೊಬೈಲ್ ನಂಬರ್. ಗಾಡಿ ಮಾರಲು ಹೊರಟಾಗಲೋ, ಬೇರೆ ರಾಜ್ಯಕ್ಕೆ ವರ್ಗಾಯಿಸಲು ಎನ್‌ಒಸಿ ಕೇಳಿದಾಗಲೋ ಗೊತ್ತಾಗುತ್ತದೆ: ಮೂರು ವರ್ಷದ ಹಿಂದಿನ ಸಿಗ್ನಲ್ ಜಂಪ್ ದಂಡ ಬಾಕಿ ಇದೆ. ಕಟ್ಟಿಬಿಡೋಣ ಎಂದರೆ ಚಲನ್ ಪೊಲೀಸರ ಬಳಿ ಇಲ್ಲ, ಕೋರ್ಟ್‌ಗೆ ಹೋಗಿದೆ. ಯಾವ ಕೋರ್ಟ್? ಕೇಸ್ ನಂಬರ್ ಏನು? ಅದರ ಕಾಗದ ಎಲ್ಲಿ ಸಿಗುತ್ತದೆ?

ಕರ್ನಾಟಕದ ನಂಬರ್ ಪ್ಲೇಟ್ ಇಟ್ಟುಕೊಂಡು ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ಗಾಡಿ ಓಡಿಸುವ ಕನ್ನಡಿಗರಲ್ಲಿ ಅನೇಕರಿಗೆ ಎದುರಾಗುವ ಪ್ರಶ್ನೆ ಇದು. ಚಾಲಕ ವೃತ್ತಿಯವರಿಗಂತೂ ಇದು ಹೊಟ್ಟೆಪಾಡಿನ ವಿಷಯ. ಇತ್ಯರ್ಥವಾದ ಕೇಸ್ ಬಾಕಿ ಎಂದೇ ಕಾಣಿಸುತ್ತಿದ್ದರೆ, ಅದು ಮುಗಿದಿದೆ ಎಂದು ತೋರಿಸಲು ಕೈಯಲ್ಲಿ ದಾಖಲೆ ಇರಬೇಕು. ಆ ದಾಖಲೆಯನ್ನು ಹುಡುಕುವ ಮತ್ತು ಪಡೆಯುವ ದಾರಿ ಇಲ್ಲಿದೆ.

ಮೊದಲು ತಿಳಿಯಬೇಕಾದ್ದು: ಕೇಸ್ ಯಾರ ಬಳಿ ಇದೆ?

ಸಂಚಾರ ನಿಯಮ ಉಲ್ಲಂಘನೆಯ ಪ್ರಕರಣ ಮೂರು ಕಡೆ ಇರಬಹುದು. ಪೊಲೀಸ್ ಅಥವಾ ಆರ್‌ಟಿಒ ಬಳಿ, ವರ್ಚುವಲ್ ಕೋರ್ಟ್‌ನಲ್ಲಿ, ಇಲ್ಲವೇ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ. ಎಲ್ಲಿದೆ ಎಂಬುದರ ಮೇಲೆ ದಾಖಲೆ ಯಾರು ಕೊಡಬೇಕು ಎನ್ನುವುದು ನಿರ್ಧಾರವಾಗುತ್ತದೆ.

ಹೆಲ್ಮೆಟ್, ಸೀಟ್ ಬೆಲ್ಟ್, ಅತಿವೇಗ ಮುಂತಾದ ಹಲವು ಉಲ್ಲಂಘನೆಗಳು 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 200ರ ಅಡಿ ರಾಜಿಯಾಗಬಹುದಾದ ಅಪರಾಧಗಳು. ಅಂದರೆ ಪೊಲೀಸರ ಹಂತದಲ್ಲೇ ದಂಡ ಕಟ್ಟಿದರೆ ಆ ಅಪರಾಧಕ್ಕೆ ಮುಂದಿನ ವಿಚಾರಣೆ ಇರುವುದಿಲ್ಲ. ಹೀಗೆ ಮುಗಿದ ಚಲನ್‌ಗೆ ಕೋರ್ಟ್ ದಾಖಲೆಯೇ ಇರುವುದಿಲ್ಲ. ದಂಡ ಕಟ್ಟಿದ ರಸೀದಿಯೇ ಅದರ ದಾಖಲೆ.

ಕುಡಿದು ವಾಹನ ಚಲಾಯಿಸಿದ ಪ್ರಕರಣ ಹಾಗಲ್ಲ. ಸೆಕ್ಷನ್ 185ರ ಈ ಅಪರಾಧ ರಾಜಿಯ ಪಟ್ಟಿಯಲ್ಲಿಲ್ಲ. ಮೊದಲ ಬಾರಿಗೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು. ಇದು ಕೋರ್ಟ್‌ನಲ್ಲೇ ತೀರ್ಮಾನವಾಗಬೇಕು. ಹಾಗಾಗಿ ಇದಕ್ಕೆ ಕೇಸ್ ನಂಬರ್, ಆದೇಶ ಎಲ್ಲವೂ ಇರುತ್ತದೆ.

ಹಂತ 1: ಚಲನ್ ನಂಬರ್ ಪತ್ತೆ ಮಾಡಿ

ಕೇಂದ್ರ ಸಾರಿಗೆ ಸಚಿವಾಲಯದ ಇ-ಚಲನ್ ಪರಿವಾಹನ್ ಪೋರ್ಟಲ್‌ನಲ್ಲಿ ಚಲನ್ ನಂಬರ್, ವಾಹನ ನಂಬರ್ ಅಥವಾ ಡಿಎಲ್ ನಂಬರ್ ಮೂಲಕ ಹುಡುಕಬಹುದು. ವಾಹನ ನಂಬರ್ ಕೊಟ್ಟರೆ ಚಾಸಿಸ್ ಅಥವಾ ಎಂಜಿನ್ ನಂಬರಿನ ಕೊನೆಯ 5 ಅಂಕಿಗಳನ್ನೂ ಕೇಳುತ್ತದೆ. ಆರ್‌ಸಿ ಕೈಯಲ್ಲಿಟ್ಟುಕೊಂಡೇ ಕೂರುವುದು ಒಳ್ಳೆಯದು.

ಇಲ್ಲಿ ಏನೂ ಕಾಣಿಸಲಿಲ್ಲ ಎಂದ ಮಾತ್ರಕ್ಕೆ ಬಾಕಿ ಇಲ್ಲ ಎಂದು ನಿಶ್ಚಿಂತರಾಗಬೇಡಿ. ಮಹಾರಾಷ್ಟ್ರ ಮತ್ತು ತೆಲಂಗಾಣ ಪೊಲೀಸರಿಗೆ ತಮ್ಮದೇ ಇ-ಚಲನ್ ವೆಬ್‌ಸೈಟ್‌ಗಳಿವೆ. ಬೆಂಗಳೂರು ಸಂಚಾರ ಪೊಲೀಸರೂ ತಮ್ಮ ವೆಬ್‌ಸೈಟ್‌ನಲ್ಲಿ ದಂಡದ ವಿವರ ಕೊಡುತ್ತಾರೆ. ಗಾಡಿ ಓಡಾಡಿದ ಪ್ರತಿ ನಗರದ ಪುಟವನ್ನೂ ಒಮ್ಮೆ ನೋಡಿ. ಬೆಂಗಳೂರಿನ ದಂಡ ಕಟ್ಟಿ ಮುಗಿಸಿದವರಿಗೂ ಮುಂಬೈನ ಚಲನ್ ಬಾಕಿ ಇರಬಹುದು.

ಚಲನ್ ಸಿಕ್ಕ ಕೂಡಲೇ ನಾಲ್ಕು ವಿವರ ಬರೆದಿಟ್ಟುಕೊಳ್ಳಿ: ಚಲನ್ ನಂಬರ್, ಉಲ್ಲಂಘನೆಯ ದಿನಾಂಕ, ಸ್ಥಳ ಮತ್ತು ಚಲನ್ ಹಾಕಿದ ಸಂಚಾರ ಠಾಣೆ. ಮುಂದಿನ ಎಲ್ಲ ಹುಡುಕಾಟಕ್ಕೂ ಇವೇ ಆಧಾರ. ಚಲನ್ ಕೋರ್ಟ್‌ಗೆ ಕಳುಹಿಸಲಾಗಿದೆ ಎಂಬ ಸೂಚನೆ ಇದ್ದರೆ ಎರಡನೇ ಹಂತಕ್ಕೆ ಹೋಗಿ.

ಹಂತ 2: ವರ್ಚುವಲ್ ಕೋರ್ಟ್‌ನಲ್ಲಿ ಹುಡುಕಿ

ಸಂಚಾರ ಪ್ರಕರಣಗಳ ಮೊದಲ ವರ್ಚುವಲ್ ಕೋರ್ಟ್ 2019ರ ಜುಲೈನಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಈಗ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು ಸೇರಿದಂತೆ ಹಲವು ರಾಜ್ಯಗಳಲ್ಲಿ ಈ ವ್ಯವಸ್ಥೆ ಇದೆ. ಇಲ್ಲಿ ಯಾರೂ ಖುದ್ದು ಹಾಜರಾಗಬೇಕಿಲ್ಲ. ಪೊಲೀಸರು ಕಳುಹಿಸಿದ ಚಲನ್ ನೋಡಿ ನ್ಯಾಯಾಧೀಶರು ದಂಡದ ಮೊತ್ತ ಸೂಚಿಸುತ್ತಾರೆ. ಆ ಮಾಹಿತಿ ನೋಂದಾಯಿತ ಮೊಬೈಲ್‌ಗೆ ಎಸ್‌ಎಂಎಸ್ ಮೂಲಕ ಬರುತ್ತದೆ.

ವರ್ಚುವಲ್ ಕೋರ್ಟ್ಸ್ ವೆಬ್‌ಸೈಟ್‌ನಲ್ಲಿ ಮೊದಲು ರಾಜ್ಯ ಮತ್ತು ಇಲಾಖೆಯನ್ನು ಆರಿಸಬೇಕು. ಗಾಡಿಯ ನೋಂದಣಿ ಎಲ್ಲಿಯದು ಎಂಬುದು ಇಲ್ಲಿ ಮುಖ್ಯವಲ್ಲ, ಉಲ್ಲಂಘನೆ ಎಲ್ಲಿ ನಡೆಯಿತು ಎಂಬುದೇ ಮುಖ್ಯ. ಕೆಎ ನಂಬರಿನ ಕಾರಿಗೆ ದೆಹಲಿಯಲ್ಲಿ ಚಲನ್ ಬಿದ್ದಿದ್ದರೆ ದೆಹಲಿಯನ್ನೇ ಆರಿಸಿ. ನಂತರ ಮೊಬೈಲ್ ನಂಬರ್, ಸಿಎನ್‌ಆರ್ ನಂಬರ್, ಹೆಸರು, ಚಲನ್ ಅಥವಾ ವಾಹನ ನಂಬರ್ ಇವುಗಳಲ್ಲಿ ಯಾವುದಾದರೊಂದರಿಂದ ಹುಡುಕಬಹುದು. ಹಳೆಯ ಮೊಬೈಲ್ ನಂಬರ್ ಕಳೆದುಕೊಂಡವರು ವಾಹನ ನಂಬರ್ ಬಳಸಿ.

ಕೇಸ್ ತೆರೆದಾಗ ಎರಡು ಆಯ್ಕೆಗಳಿರುತ್ತವೆ: ಸೂಚಿಸಿದ ದಂಡ ಕಟ್ಟುವುದು ಅಥವಾ ಕೇಸ್ ಪ್ರಶ್ನಿಸುವುದು. ಇಲ್ಲಿ ಸ್ವಲ್ಪ ಯೋಚಿಸಿ ಒತ್ತಬೇಕು. ಪೊಲೀಸರ ಬಳಿ ರಾಜಿ ದಂಡ ಕಟ್ಟುವುದಕ್ಕೂ ಕೋರ್ಟ್‌ನಲ್ಲಿ ದಂಡ ಕಟ್ಟುವುದಕ್ಕೂ ವ್ಯತ್ಯಾಸವಿದೆ. ಕೋರ್ಟ್‌ನಲ್ಲಿ ಕಟ್ಟುವುದೆಂದರೆ ತಪ್ಪೊಪ್ಪಿಕೊಂಡಂತೆ. ಮೊತ್ತ ಚಿಕ್ಕದು ಎಂಬ ಒಂದೇ ಕಾರಣಕ್ಕೆ, ತಮ್ಮದಲ್ಲದ ಗಾಡಿಯ ಚಲನ್‌ಗೂ ಹಣ ಕಟ್ಟಿಬಿಡುವುದು ಸರಿಯಲ್ಲ. ದಂಡ ಕಟ್ಟಿದರೆ ರಸೀದಿ ಡೌನ್‌ಲೋಡ್ ಮಾಡಿ, ಮುದ್ರಿಸಿ ಇಟ್ಟುಕೊಳ್ಳಿ. ಪ್ರಶ್ನಿಸಿದರೆ ಕೇಸ್ ಸಂಬಂಧಿಸಿದ ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ.

ಹಂತ 3: ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗಿದ್ದರೆ

ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ. ಕೇಸ್ ವರ್ಗಾವಣೆಯಾಗಿದೆ ಎಂಬ ಒಂದು ಸಾಲು ಪರದೆಯ ಮೇಲೆ ಕಾಣಿಸುತ್ತದೆ, ಮುಂದೇನು ಎಂಬುದು ತಿಳಿಯುವುದಿಲ್ಲ. ಇಂಥ ಸಂದರ್ಭದಲ್ಲಿ ಇ-ಕೋರ್ಟ್ಸ್ ಸೇವೆಯ ವೆಬ್‌ಸೈಟ್ ಅಥವಾ ಮೊಬೈಲ್ ಆ್ಯಪ್ ನೆರವಿಗೆ ಬರುತ್ತದೆ. ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ಪ್ರಕರಣಗಳ ಸ್ಥಿತಿಯನ್ನು ಇಲ್ಲಿ ಉಚಿತವಾಗಿ ನೋಡಬಹುದು.

ಸಿಎನ್‌ಆರ್ ನಂಬರ್ ಇದ್ದರೆ ಕೆಲಸ ಸುಲಭ. ಇದು ಪ್ರತಿ ಪ್ರಕರಣಕ್ಕೂ ಸಿಗುವ 16 ಅಕ್ಷರ ಮತ್ತು ಅಂಕಿಗಳ ಗುರುತು. ಮೊದಲ ಎರಡು ಅಕ್ಷರ ರಾಜ್ಯವನ್ನು, ನಂತರದ ಎರಡು ಜಿಲ್ಲೆಯನ್ನು, ಆಮೇಲಿನ ಎರಡು ಅಂಕಿ ನ್ಯಾಯಾಲಯವನ್ನು ಸೂಚಿಸುತ್ತವೆ. ಉಳಿದವು ಕ್ರಮಸಂಖ್ಯೆ ಮತ್ತು ವರ್ಷ. ಕೆಎ ಎಂದು ಶುರುವಾದರೆ ಕರ್ನಾಟಕದ ಕೇಸ್, ಎಂಎಚ್ ಎಂದರೆ ಮಹಾರಾಷ್ಟ್ರದ್ದು.

ಸಿಎನ್‌ಆರ್ ಇಲ್ಲದಿದ್ದರೆ ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿ ಹೆಸರು ಮತ್ತು ವರ್ಷ ಕೊಟ್ಟು ಹುಡುಕಬೇಕು. ಕೇಸ್ ನಂಬರ್, ಎಫ್‌ಐಆರ್ ನಂಬರ್ ಮೂಲಕವೂ ಹುಡುಕಬಹುದು. ಹೆಸರಿನ ಹುಡುಕಾಟದಲ್ಲಿ ಮೂರು ವಿಷಯ ಗಮನದಲ್ಲಿರಲಿ.

* ಕನ್ನಡದ ಹೆಸರುಗಳನ್ನು ಬೇರೆ ರಾಜ್ಯದ ಸಿಬ್ಬಂದಿ ಇಂಗ್ಲಿಷ್‌ನಲ್ಲಿ ಬೇರೆ ಬೇರೆ ರೀತಿ ಬರೆದಿರುತ್ತಾರೆ. ಮಂಜುನಾಥ್, ಬಸವರಾಜ್ ಇಂಥ ಹೆಸರುಗಳಿಗೆ ಎರಡು ಮೂರು ಕಾಗುಣಿತ ಪ್ರಯತ್ನಿಸಿ.
* ಪೂರ್ತಿ ಹೆಸರಿನ ಬದಲು ಮೊದಲ ಕೆಲವು ಅಕ್ಷರಗಳನ್ನಷ್ಟೇ ಕೊಡಿ. ಕನಿಷ್ಠ ಮೂರು ಅಕ್ಷರ ಬೇಕು.
* ವರ್ಷ ಎಂದರೆ ಕೇಸ್ ನೋಂದಣಿಯಾದ ವರ್ಷ, ಚಲನ್ ಬಿದ್ದ ವರ್ಷವಲ್ಲ. ಒಂದೆರಡು ವರ್ಷ ಮುಂದಕ್ಕೂ ನೋಡಿ.

ಆಗಲೂ ಸಿಗದಿದ್ದರೆ ಚಲನ್ ಹಾಕಿದ ಸಂಚಾರ ಠಾಣೆಯಲ್ಲಿ ಕೋರ್ಟ್ ಕೆಲಸ ನೋಡಿಕೊಳ್ಳುವ ಕಾನ್‌ಸ್ಟೇಬಲ್ ಅವರನ್ನು ಕೇಳಿ. ಯಾವ ಚಲನ್ ಯಾವ ನ್ಯಾಯಾಲಯಕ್ಕೆ ಹೋಗಿದೆ ಎಂದು ತಿಳಿಯಲು ಅವರೇ ಸರಿಯಾದ ಜನ. ದೆಹಲಿಯ ಕೋರ್ಟ್‌ಗಳಲ್ಲಿ ಇವರನ್ನು ನಾಯಬ್ ಕೋರ್ಟ್ ಎಂದು ಕರೆಯುತ್ತಾರೆ. ಬೆಂಗಳೂರಿನಲ್ಲಿ ಸಂಚಾರ ಪ್ರಕರಣಗಳಿಗೆಂದೇ ಎಂಎಂಟಿಸಿ ಎಂದು ಕರೆಯುವ ನ್ಯಾಯಾಲಯಗಳಿವೆ. ಕೋರ್ಟ್ ಆವರಣಗಳಲ್ಲಿರುವ ಇ-ಸೇವಾ ಕೇಂದ್ರಗಳಲ್ಲೂ ಕೇಸ್ ಸ್ಥಿತಿ ತಿಳಿಯಬಹುದು. ವರ್ಚುವಲ್ ಕೋರ್ಟ್ ಚಲನ್ ಇತ್ಯರ್ಥಕ್ಕೆ, ದೃಢೀಕೃತ ಪ್ರತಿಯ ಅರ್ಜಿಗೆ ಸಹಾಯ ಮಾಡುವುದೂ ಈ ಕೇಂದ್ರಗಳ ಕೆಲಸವೇ.

ಡೌನ್‌ಲೋಡ್ ಮಾಡಿದ ಆದೇಶ ಸಾಕೇ?

ಮಾಹಿತಿಗಾದರೆ ಸಾಕು. ಇ-ಕೋರ್ಟ್ಸ್‌ನಲ್ಲಿ ಸಿಗುವ ಆದೇಶ ದೃಢೀಕೃತ ಪ್ರತಿಯಲ್ಲ. ಮೇಲ್ಮನವಿಗೆ, ಬೇರೆ ಕೋರ್ಟ್‌ಗೆ ಹಾಜರುಪಡಿಸಲು ಅಥವಾ ಪ್ರಮಾಣಿತ ದಾಖಲೆ ಕೇಳುವ ಕಚೇರಿಗೆ ಸಲ್ಲಿಸಲು ನ್ಯಾಯಾಲಯದ ಮುದ್ರೆ ಮತ್ತು ಸಹಿ ಇರುವ ದೃಢೀಕೃತ ಪ್ರತಿಯೇ ಬೇಕು.

ದೃಢೀಕೃತ ಪ್ರತಿಗೆ ಅರ್ಜಿ ಹೇಗೆ?

ಪ್ರತಿ ನ್ಯಾಯಾಲಯ ಸಂಕೀರ್ಣದಲ್ಲೂ ನಕಲು ವಿಭಾಗ ಇರುತ್ತದೆ. ದೆಹಲಿಯಲ್ಲಿ ಇದನ್ನು ಕಾಪಿಯಿಂಗ್ ಏಜೆನ್ಸಿ ಎನ್ನುತ್ತಾರೆ. ಮುಂಬೈ, ಪುಣೆಯಲ್ಲಿ ನಕಲ್ ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ಅರ್ಜಿಯಲ್ಲಿ ಇರಬೇಕಾದ ವಿವರಗಳು ಇವು.

1. ನ್ಯಾಯಾಲಯದ ಹೆಸರು, ಕೇಸ್ ನಂಬರ್, ವರ್ಷ ಮತ್ತು ಸಿಎನ್‌ಆರ್ ನಂಬರ್.
2. ಆರೋಪಿಯ ಹೆಸರು, ವಾಹನ ನಂಬರ್, ಚಲನ್ ನಂಬರ್, ಸಂಚಾರ ಠಾಣೆ.
3. ಕೇಸ್ ಮುಗಿದಿದ್ದರೆ ಇತ್ಯರ್ಥದ ದಿನಾಂಕ, ಬಾಕಿ ಇದ್ದರೆ ಮುಂದಿನ ದಿನಾಂಕ.
4. ಯಾವ ಕಾಗದದ ಪ್ರತಿ ಬೇಕು ಎಂಬ ಸ್ಪಷ್ಟ ಪಟ್ಟಿ. ದೂರು, ಆದೇಶ ಹಾಳೆ, ಅಂತಿಮ ಆದೇಶ, ದಂಡದ ರಸೀದಿ ಹೀಗೆ.
5. ಸಾಮಾನ್ಯ ಪ್ರತಿಯೋ ತುರ್ತು ಪ್ರತಿಯೋ ಎಂಬ ಉಲ್ಲೇಖ.
6. ಅರ್ಜಿದಾರರ ಸಹಿ, ವಿಳಾಸ, ಮೊಬೈಲ್ ನಂಬರ್.

ಅರ್ಜಿಗೆ ನ್ಯಾಯಾಲಯ ಶುಲ್ಕದ ಸ್ಟಾಂಪ್ ಹಚ್ಚಬೇಕು, ಪುಟಗಳ ಲೆಕ್ಕದಲ್ಲಿ ನಕಲು ಶುಲ್ಕ ಕಟ್ಟಬೇಕು. ದರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ತುರ್ತು ಪ್ರತಿಗೆ ಹೆಚ್ಚು ಶುಲ್ಕ. ಕೇಸ್‌ನಲ್ಲಿ ಆರೋಪಿಯಾಗಿರುವವರು ವಕೀಲರಿಲ್ಲದೆ ತಾವೇ ಅರ್ಜಿ ಹಾಕಬಹುದು. ಗುರುತಿನ ಚೀಟಿ ಜೊತೆಗಿರಲಿ. ತೀರ್ಪು ಅಥವಾ ಆದೇಶದಿಂದ ಬಾಧಿತರಾದವರಿಗೆ ಪ್ರತಿ ಕೊಡಬೇಕು ಎಂಬುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 404ರಲ್ಲೇ ಇದೆ. ಕೇಸ್‌ಗೆ ಸಂಬಂಧವೇ ಇಲ್ಲದ ಮೂರನೆಯವರು ಕಾರಣ ತಿಳಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕಾಗುತ್ತದೆ.

ಊರಿನ ಕೋರ್ಟ್‌ಗೆ ಖುದ್ದು ಹೋಗಲಾಗದವರು ಅಲ್ಲಿನ ವಕೀಲರ ಮೂಲಕ ಅರ್ಜಿ ಹಾಕಿಸಬಹುದು. ಕೆಲವು ಹೈಕೋರ್ಟ್‌ಗಳು ತಮ್ಮ ವ್ಯಾಪ್ತಿಯಲ್ಲಿ ಆನ್‌ಲೈನ್ ಅರ್ಜಿಯ ಸೌಲಭ್ಯ ಕೊಟ್ಟಿವೆ. ಸಂಬಂಧಿಸಿದ ಹೈಕೋರ್ಟ್ ಅಥವಾ ಜಿಲ್ಲಾ ನ್ಯಾಯಾಲಯದ ವೆಬ್‌ಸೈಟ್‌ನಲ್ಲಿ ಮೊದಲು ನೋಡಿ, ಆಮೇಲೆ ರೈಲು ಟಿಕೆಟ್ ಬುಕ್ ಮಾಡಿ.

ಕಡತದಲ್ಲಿ ಏನಿರುತ್ತದೆ?

ಟ್ರಾಫಿಕ್ ಕೇಸ್ ಕಡತ ದಪ್ಪಗಿರುತ್ತದೆ ಎಂದು ನಿರೀಕ್ಷಿಸಬೇಡಿ. ಸಣ್ಣ ಪ್ರಕರಣಗಳು ಸಂಕ್ಷಿಪ್ತ ವಿಚಾರಣೆಯಲ್ಲಿ ಮುಗಿಯುತ್ತವೆ. ಕ್ರಮಸಂಖ್ಯೆ, ಅಪರಾಧದ ದಿನಾಂಕ, ಆರೋಪಿಯ ಹೆಸರು, ಆರೋಪ, ತಪ್ಪೊಪ್ಪಿಗೆ ಅಥವಾ ನಿರಾಕರಣೆ, ತೀರ್ಮಾನ, ದಂಡ ಇಷ್ಟೇ ದಾಖಲಾಗಿರಬಹುದು. ಇದೇ ಸಾಕಷ್ಟು ಬೆಲೆಯ ದಾಖಲೆ.

ಸಣ್ಣ ಪ್ರಕರಣಗಳ ಕಡತಗಳನ್ನು ನ್ಯಾಯಾಲಯಗಳು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಆಯಾ ಹೈಕೋರ್ಟ್ ನಿಯಮದಲ್ಲಿ ಹೇಳಿದ ಅವಧಿ ಮುಗಿದ ಮೇಲೆ ನಾಶಪಡಿಸಲಾಗುತ್ತದೆ. ಹಾಗಾಗಿ ಕೇಸ್ ಮುಗಿದ ಕೂಡಲೇ ಪ್ರತಿ ಪಡೆಯುವುದು ಜಾಣತನ.

ಕ್ಯಾಮೆರಾ ಫೋಟೊ ಕೇಳುವ ಹಕ್ಕಿದೆಯೇ?

ಕ್ಯಾಮೆರಾ ಮೂಲಕ ಹಾಕಿದ ಚಲನ್‌ಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ ನಿಯಮ 167ಎ ಅನ್ವಯಿಸುತ್ತದೆ. ಅದರಂತೆ ಉಲ್ಲಂಘನೆ ನಡೆದ 15 ದಿನಗಳೊಳಗೆ ನೋಟಿಸ್ ಕಳುಹಿಸಬೇಕು. ಉಲ್ಲಂಘನೆ ಮತ್ತು ನಂಬರ್ ಪ್ಲೇಟ್ ಕಾಣುವ ಚಿತ್ರ, ದಿನಾಂಕ, ಸಮಯ, ಸ್ಥಳದ ವಿವರ ಇರಬೇಕು. ಚಲನ್ ಇತ್ಯರ್ಥವಾಗುವವರೆಗೆ ಎಲೆಕ್ಟ್ರಾನಿಕ್ ದಾಖಲೆಯನ್ನು ಉಳಿಸಿಕೊಳ್ಳಬೇಕು.

ನಂಬರ್ ಪ್ಲೇಟ್‌ನ ಒಂದು ಅಂಕಿ ತಪ್ಪಾಗಿ ಓದಿ ಬೇರೆಯವರ ಗಾಡಿಗೆ ಚಲನ್ ಬಿದ್ದಾಗ, ಅಥವಾ ಯಾರೋ ನಕಲಿ ಪ್ಲೇಟ್ ಹಾಕಿಕೊಂಡು ಓಡಾಡಿದಾಗ ಈ ಚಿತ್ರವೇ ಮುಖ್ಯ ಸಾಕ್ಷ್ಯ. ಚಿತ್ರದಲ್ಲಿರುವುದು ಕೆಂಪು ಸ್ಕೂಟರ್, ಆರ್‌ಸಿಯಲ್ಲಿರುವುದು ಬಿಳಿ ಕಾರು ಎಂದಾದರೆ ವಾದ ಉದ್ದ ಬೇಕಿಲ್ಲ. ಇಂಥ ಪ್ರಕರಣದಲ್ಲಿ ದಂಡ ಕಟ್ಟುವ ಮೊದಲೇ ಸಂಚಾರ ಪೊಲೀಸರಿಗೆ ಲಿಖಿತ ದೂರು ಕೊಡಿ. ಇ-ಚಲನ್ ಪೋರ್ಟಲ್‌ನಲ್ಲೂ ದೂರು ದಾಖಲಿಸುವ ವಿಭಾಗವಿದೆ.

ಆರ್‌ಟಿಐ ಹಾಕಿದರೆ ಕೋರ್ಟ್ ದಾಖಲೆ ಸಿಗುತ್ತದೆಯೇ?

ಪೊಲೀಸ್ ಮತ್ತು ಸಾರಿಗೆ ಇಲಾಖೆಯ ದಾಖಲೆಗೆ ಆರ್‌ಟಿಐ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಚಲನ್ ಯಾವ ದಿನ ಯಾವ ಕೋರ್ಟ್‌ಗೆ ಕಳುಹಿಸಲಾಯಿತು ಎಂದು ತಿಳಿಯಲು ಇದು ಒಳ್ಳೆಯ ದಾರಿ.

ಕೋರ್ಟ್ ಕಡತಕ್ಕೆ ಮಾತ್ರ ಇದು ನಡೆಯುವುದಿಲ್ಲ. ನ್ಯಾಯಾಂಗ ಕಡತಗಳ ಪ್ರತಿ ಬೇಕಿದ್ದರೆ ಆಯಾ ನ್ಯಾಯಾಲಯದ ನಿಯಮದಂತೆಯೇ ಅರ್ಜಿ ಸಲ್ಲಿಸಬೇಕು, ಆರ್‌ಟಿಐ ಅಡಿಯಲ್ಲಲ್ಲ ಎಂದು ಗುಜರಾತ್ ಹೈಕೋರ್ಟ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಹೇಳಿದೆ.

ಸಮನ್ಸ್, ವಾರಂಟ್ ಬಂದಿದ್ದರೆ

ಸಮನ್ಸ್ ಹಳೆಯ ವಿಳಾಸಕ್ಕೆ ಹೋಗಿ, ಆರೋಪಿ ಹಾಜರಾಗದೆ ವಾರಂಟ್ ಹೊರಡುವ ಸಾಧ್ಯತೆ ಇರುತ್ತದೆ. ಇ-ಕೋರ್ಟ್ಸ್‌ನಲ್ಲಿ ಕೇಸ್‌ನ ಹಿಂದಿನ ದಿನಾಂಕಗಳ ವಿವರ ತೆರೆದು ನೋಡಿದರೆ ಕೇಸ್ ಯಾವ ಹಂತದಲ್ಲಿದೆ ಎಂದು ತಿಳಿಯಬಹುದು. ವಾರಂಟ್ ಇದ್ದರೆ ಫೋನ್‌ನಲ್ಲೇ ಮುಗಿಸುತ್ತೇವೆ ಎನ್ನುವವರನ್ನು ನಂಬಬೇಡಿ. ವಕೀಲರ ಜೊತೆ ಹಾಜರಾಗಿ ವಾರಂಟ್ ಹಿಂಪಡೆಯಲು ಅರ್ಜಿ ಸಲ್ಲಿಸುವುದೇ ದಾರಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ಕಾನೂನು ನೆರವು ಪಡೆಯಬಹುದು. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಲೋಕ ಅದಾಲತ್‌ನಲ್ಲಿ ಮುಗಿಸುವುದಾದರೆ

ರಾಷ್ಟ್ರೀಯ ಲೋಕ ಅದಾಲತ್‌ಗಳಲ್ಲಿ ರಾಜಿಯಾಗಬಹುದಾದ ಟ್ರಾಫಿಕ್ ಪ್ರಕರಣಗಳನ್ನು ಇತ್ಯರ್ಥಪಡಿಸಲಾಗುತ್ತದೆ. ದೆಹಲಿಯಲ್ಲಿ ಇದಕ್ಕಾಗಿ ಸಂಚಾರ ಪೊಲೀಸ್ ವೆಬ್‌ಸೈಟ್‌ನಿಂದ ಮೊದಲೇ ನೋಟಿಸ್ ಡೌನ್‌ಲೋಡ್ ಮಾಡಿ, ಅದರ ಮುದ್ರಿತ ಪ್ರತಿಯೊಂದಿಗೆ ನೋಟಿಸ್‌ನಲ್ಲಿರುವ ಕೋರ್ಟ್ ಆವರಣಕ್ಕೆ ಹೋಗಬೇಕು. ಅದಾಲತ್‌ನಲ್ಲಿ ಮುಗಿದ ಮೇಲೆ ಆದೇಶದ ಪ್ರತಿ ಮತ್ತು ರಸೀದಿ ಕೇಳಿ ಪಡೆಯಿರಿ.

ದಾಖಲೆ ಸಿಕ್ಕಿತು, ಮುಂದೇನು?

ಕೇಸ್ ಮುಗಿದರೂ ಪೋರ್ಟಲ್‌ನಲ್ಲಿ ಬಾಕಿ ಎಂದೇ ತೋರಿಸುತ್ತಿದ್ದರೆ ಆದೇಶದ ಪ್ರತಿ ಮತ್ತು ರಸೀದಿಯೊಂದಿಗೆ ಚಲನ್ ಹಾಕಿದ ಕಚೇರಿಗೆ ಬರೆಯಿರಿ. ಆರ್‌ಟಿಒಗೆ ಕೊಡುವ ಅರ್ಜಿಗೆ ಸ್ವೀಕೃತಿ ಪಡೆಯಿರಿ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸುವ ವಾಹನಕ್ಕೆ ಅಲ್ಲಿನ ಹೊಸ ನೋಂದಣಿ ಬೇಕು. ಆಗ ಎನ್‌ಒಸಿಗೆ ಈ ಕಾಗದಗಳೇ ಬೇಕಾಗುತ್ತವೆ.

ಗಾಡಿ ಮಾರಿದವರು ಹಣ ಕೈಗೆ ಬಂದ ಕೂಡಲೇ ಮರೆತುಬಿಡಬಾರದು. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಹೊಸ ಮಾಲೀಕರ ತಪ್ಪಿಗೂ ಹಳೆಯ ಮಾಲೀಕರ ಹೆಸರಿಗೇ ಚಲನ್ ಬರುತ್ತದೆ. ಒಂದೇ ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು.

ನಕಲಿ ಚಲನ್ ಸಂದೇಶ: ಎಚ್ಚರ

ದಂಡ ಬಾಕಿ ಇದೆ, ಈ ಫೈಲ್ ತೆರೆಯಿರಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ ಬಂದರೆ ಅದು ವಂಚನೆ. ಅದನ್ನು ಇನ್‌ಸ್ಟಾಲ್ ಮಾಡಿದರೆ ಬ್ಯಾಂಕ್ ಖಾತೆಯೇ ಖಾಲಿಯಾಗಬಹುದು. ಇ-ಚಲನ್, ವರ್ಚುವಲ್ ಕೋರ್ಟ್, ಇ-ಕೋರ್ಟ್ಸ್ ಈ ಮೂರರ ವಿಳಾಸವೂ ಗವ್ ಡಾಟ್ ಇನ್ ಎಂದೇ ಕೊನೆಯಾಗುತ್ತದೆ. ಸಂದೇಶದಲ್ಲಿನ ಲಿಂಕ್ ಒತ್ತುವ ಬದಲು ವಿಳಾಸವನ್ನು ತಾವೇ ಟೈಪ್ ಮಾಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಊರು ಬಿಟ್ಟು ಬೇರೆ ನಗರಕ್ಕೆ ಬಂದವರು ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ಆರ್‌ಸಿ ಮತ್ತು ಡಿಎಲ್‌ನಲ್ಲಿರುವ ಮೊಬೈಲ್ ನಂಬರ್ ಈಗ ಬಳಸುತ್ತಿರುವುದೇ ಎಂದು ನೋಡಿ, ಇಲ್ಲದಿದ್ದರೆ ಪರಿವಾಹನ್ ಪೋರ್ಟಲ್‌ನಲ್ಲಿ ಬದಲಿಸಿ. ಎಸ್‌ಎಂಎಸ್ ಸರಿಯಾದ ಫೋನ್‌ಗೆ ಬಂದರೆ, ಪೊಲೀಸರ ಹಂತದಲ್ಲೇ ಮುಗಿಯುವ ದಂಡಕ್ಕಾಗಿ ಕೋರ್ಟ್ ಹುಡುಕಿಕೊಂಡು ಅಲೆಯುವುದು ತಪ್ಪುತ್ತದೆ.